ಅಂಕಪಟ್ಟಿಯ ಹಿಂದಿರುವ ಶಾಲೆ: ಅಮೆರಿಕೆಯ ಕಾಲೇಜು ಪ್ರವೇಶಪದ್ಧತಿಯ ಒಂದು ವಿವೇಚನೆ

ಹೆಸರುವಾಸಿಯಾದ ಶಾಲೆಯಲ್ಲಿ ಓದಿದ ಹುಡುಗನಿಗೆ ಹೆಸರುವಾಸಿಯಾದ ಕಾಲೇಜಿನ ಬಾಗಿಲು ತಾನಾಗಿಯೇ ತೆರೆಯುತ್ತದೆ ಎಂಬ ನಂಬಿಕೆ ಎಲ್ಲ ದೇಶಗಳ ತಂದೆತಾಯಿಗಳಲ್ಲಿಯೂ ಉಂಟು. ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ಶಾಲೆಯ ಅರ್ಜಿಗಾಗಿ ಓಡಾಡುವ ಮಹಾನಗರದ ಗೃಹಸ್ಥನ ಮನಸ್ಸಿನಲ್ಲಿರುವುದೂ ಇದೇ ನಂಬಿಕೆ. ಇದು ಎಷ್ಟರಮಟ್ಟಿಗೆ ನಿಜ? ಶಾಲೆಯು ವಿದ್ಯಾರ್ಥಿಯನ್ನು ಯಾವಾಗಲೂ ಮೇಲಕ್ಕೆತ್ತುತ್ತದೆಯೆ, ಅಥವಾ ಕೆಲವೊಮ್ಮೆ ಕೆಳಕ್ಕೂ ಎಳೆಯುತ್ತದೆಯೆ? ಈ ಪ್ರಶ್ನೆಯನ್ನು ಪರೀಕ್ಷಿಸಿ ನೋಡಲು ಅಮೆರಿಕ ಸಂಯುಕ್ತ ಸಂಸ್ಥಾನಗಳಂಥ ಕ್ಷೇತ್ರ ಬೇರೊಂದಿಲ್ಲ. ಅಲ್ಲಿ ಈ ವಿಷಯ ನೂರೈವತ್ತು ವರ್ಷಗಳಿಂದ ಚರ್ಚೆಯಲ್ಲಿದೆ. ಶಾಸನಸಭೆಯಲ್ಲಿ ಕಾನೂನಾಗಿದೆ, ನ್ಯಾಯಾಲಯದಲ್ಲಿ ವ್ಯಾಜ್ಯವಾಗಿದೆ, ವಿದ್ವಾಂಸರು ಅದನ್ನು ಅಂಕಿಅಂಶಗಳಿಂದ ಅಳೆದು ನೋಡಿದ್ದಾರೆ. ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳು ಇಂದು ಆ ವ್ಯವಸ್ಥೆಯೊಳಗೇ ಬೆಳೆಯುತ್ತಿರುವುದರಿಂದ ಕನ್ನಡಿಗರಿಗೆ ಇದು ಕೇವಲ ಪರದೇಶದ ಸುದ್ದಿಯೂ ಅಲ್ಲ.

ಮೊದಲು ಅಲ್ಲಿಯ ಏರ್ಪಾಟನ್ನು ತಿಳಿಯಬೇಕು. ಅಮೆರಿಕೆಯಲ್ಲಿ ಹೈಸ್ಕೂಲು ಎಂದರೆ ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯದರವರೆಗಿನ ನಾಲ್ಕು ವರ್ಷಗಳ ಶಿಕ್ಷಣ. ಕರ್ನಾಟಕದ ಪ್ರೌಢಶಾಲೆಯ ಕೊನೆಯ ಭಾಗವೂ ಪದವಿಪೂರ್ವ ತರಗತಿಗಳೂ ಅದರಲ್ಲಿ ಅಡಕವಾಗಿವೆ. ಆದರೆ ಭಾರತದಲ್ಲಿರುವಂತೆ ಈ ಶಿಕ್ಷಣದ ಕೊನೆಗೆ ಮಂಡಲಿಯೊಂದು ನಡೆಸುವ, ಹೊರಗಿನವರು ಬೆಲೆಕಟ್ಟುವ ಸಾಮಾನ್ಯ ಪರೀಕ್ಷೆ ಅಲ್ಲಿ ಪ್ರವೇಶದ ಆಧಾರವಲ್ಲ. ಅಂಕಗಳನ್ನು ಕೊಡುವವರು ಆಯಾ ಶಾಲೆಯ ಉಪಾಧ್ಯಾಯರೇ. ಇಂಥ ಶಾಲೆಗಳು ದೇಶದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿವೆ. ಒಂದರಲ್ಲಿ ಧಾರಾಳವಾಗಿ ಅಂಕ ಕೊಡುತ್ತಾರೆ, ಇನ್ನೊಂದರಲ್ಲಿ ಬಿಗಿಹಿಡಿದು ಕೊಡುತ್ತಾರೆ. ಒಂದರಲ್ಲಿ ಉನ್ನತ ಗಣಿತವುಂಟು, ಇನ್ನೊಂದರಲ್ಲಿ ಅದನ್ನು ಕಲಿಸುವವರೇ ಇಲ್ಲ. ಹೀಗಿರಲು ಎರಡು ಶಾಲೆಗಳಿಂದ ಬಂದ ಎರಡು ಅಂಕಪಟ್ಟಿಗಳಲ್ಲಿ ಒಂದೇ ಸಂಖ್ಯೆ ಕಂಡರೂ ಅವುಗಳ ಅರ್ಥ ಒಂದೇ ಆಗಬೇಕಾಗಿಲ್ಲ.

ಹಳೆಯ ಕಾಲದ ಹುಂಡಿಯ ವ್ಯವಹಾರವನ್ನು ಬಲ್ಲವರಿಗೆ ಇದು ಸುಲಭವಾಗಿ ಮನದಟ್ಟಾಗುತ್ತದೆ. ಹುಂಡಿಯಲ್ಲಿ ಕಾಣಿಸಿದ ಮೊತ್ತವನ್ನಷ್ಟೇ ನೋಡಿ ಯಾವ ಸಾಹುಕಾರನೂ ಹಣ ಎಣಿಸುತ್ತಿರಲಿಲ್ಲ. ಅದನ್ನು ಬರೆದ ಪೇಢಿ ಯಾವುದು, ಅದರ ಮಾತಿಗೆ ಪೇಟೆಯಲ್ಲಿ ಬೆಲೆಯೆಷ್ಟು ಎಂಬುದನ್ನು ವಿಚಾರಿಸುತ್ತಿದ್ದನು. ಪರಿಚಿತ ಪೇಢಿಯ ಹುಂಡಿ ಪೂರ್ಣ ಬೆಲೆಗೆ ನಡೆಯುತ್ತಿತ್ತು. ಅಪರಿಚಿತ ಪೇಢಿಯದಕ್ಕೆ ವಟ್ಟ ಬೀಳುತ್ತಿತ್ತು, ಇಲ್ಲವೆ ಅದು ಬಂದ ದಾರಿಯಲ್ಲಿ ಹಿಂದಿರುಗುತ್ತಿತ್ತು. ಅಮೆರಿಕೆಯ ವಿದ್ಯಾರ್ಥಿಯ ಅಂಕಪಟ್ಟಿಯೂ ಹೀಗೆ ಒಂದು ಹುಂಡಿ. ಶಾಲೆಯೇ ಅದನ್ನು ಬರೆದುಕೊಟ್ಟ ಪೇಢಿ.

ಈ ಪದ್ಧತಿಗೆ ಒಂದು ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರತಿಯೊಂದು ಕಾಲೇಜೂ ತನ್ನದೇ ಆದ ಪ್ರವೇಶಪರೀಕ್ಷೆಯನ್ನು ನಡೆಸುತ್ತಿತ್ತು. ೧೮೭೧ರಲ್ಲಿ ಮಿಚಿಗನ್ ವಿಶ್ವವಿದ್ಯಾನಿಲಯವು ಹೊಸ ದಾರಿಯೊಂದನ್ನು ಹಿಡಿಯಿತು. ಅಲ್ಲಿಯ ಅಧ್ಯಾಪಕರು ಹೈಸ್ಕೂಲುಗಳಿಗೆ ಹೋಗಿ ಪಾಠಕ್ರಮವನ್ನು ಪರಿಶೀಲಿಸುವರು. ಅವರು ಒಪ್ಪಿದ ಶಾಲೆಯಲ್ಲಿ ತೇರ್ಗಡೆಯಾದವನಿಗೆ ಬೇರೆ ಪರೀಕ್ಷೆಯಿಲ್ಲದೆ ಪ್ರವೇಶ. ಪರೀಕ್ಷೆಗೆ ಒಳಗಾದದ್ದು ವಿದ್ಯಾರ್ಥಿಯಲ್ಲ, ಶಾಲೆ. ಮಧ್ಯ ಮತ್ತು ಪಶ್ಚಿಮ ಪ್ರಾಂತಗಳಲ್ಲಿ ಈ ಕ್ರಮ ಬೇಗ ಹರಡಿತು. ಪೂರ್ವತೀರದ ಹಳೆಯ ಕಾಲೇಜುಗಳು ವಿದ್ಯಾರ್ಥಿಯನ್ನೇ ಪರೀಕ್ಷಿಸುವ ಮಾರ್ಗವನ್ನು ಬಿಡಲಿಲ್ಲ. ಅವುಗಳ ಪ್ರಯತ್ನದಿಂದ ೧೯೦೦ರಲ್ಲಿ ಕಾಲೇಜು ಪ್ರವೇಶಪರೀಕ್ಷಾ ಮಂಡಲಿ ಸ್ಥಾಪಿತವಾಯಿತು. ೧೯೨೬ರಲ್ಲಿ ಆ ಮಂಡಲಿಯು ಎಸ್.ಎ.ಟಿ. ಎಂಬ ಬುದ್ಧಿಪರೀಕ್ಷೆಯನ್ನು ಮೊದಲ ಬಾರಿಗೆ ನಡೆಸಿತು. ಶಾಲೆಯನ್ನು ನಂಬುವುದೊಂದು ಮಾರ್ಗ, ವಿದ್ಯಾರ್ಥಿಯನ್ನು ನೇರವಾಗಿ ಒರೆಗೆ ಹಚ್ಚುವುದು ಇನ್ನೊಂದು ಮಾರ್ಗ. ಅಂದಿನಿಂದ ಇಂದಿನವರೆಗೆ ಅಮೆರಿಕೆಯ ಪ್ರವೇಶಪದ್ಧತಿ ಇವೆರಡರ ನಡುವೆ ತೂಗಾಡುತ್ತ ಬಂದಿದೆ.

ಪರೀಕ್ಷೆಯನ್ನು ಹಿಡಿದುಕೊಂಡ ಪೂರ್ವತೀರದಲ್ಲಿಯೂ ಶಾಲೆಯ ಪ್ರಭಾವ ಕಡಮೆಯಾಗಿರಲಿಲ್ಲ. ಆ್ಯಂಡೋವರಿನ ಫಿಲಿಪ್ಸ್ ಅಕಾಡೆಮಿ ೧೭೭೮ರಲ್ಲಿ, ಎಕ್ಸೆಟರಿನ ಫಿಲಿಪ್ಸ್ ಅಕಾಡೆಮಿ ೧೭೮೧ರಲ್ಲಿ ಹುಟ್ಟಿದವು. ಇಂಥ ವಸತಿಶಾಲೆಗಳಿಗೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳಿಗೂ ನಡುವೆ ತಲೆಮಾರುಗಳ ಬಳಕೆಯಿತ್ತು. ಮುಖ್ಯೋಪಾಧ್ಯಾಯನ ಒಂದು ಮಾತಿಗೆ ಬಹಳ ತೂಕವಿತ್ತು. ೧೯೨೩ರಲ್ಲಿ ಹಾರ್ವರ್ಡ್ ಒಂದು ಪ್ರಯೋಗ ಮಾಡಿತು. ದೂರದ ಪ್ರಾಂತಗಳ ಶಾಲೆಗಳಿಂದ ವಿದ್ಯಾರ್ಥಿಗಳನ್ನು ಆಕರ್ಷಿಸುವ ಉದ್ದೇಶದಿಂದ, ತಮ್ಮ ತರಗತಿಯ ಮೇಲಿನ ಏಳನೆಯ ಒಂದು ಭಾಗದಲ್ಲಿ ನಿಂತವರಿಗೆ ಪರೀಕ್ಷೆಯಿಲ್ಲದೆ ಪ್ರವೇಶವೆಂದು ಸಾರಿತು. ಯೆಹೂದಿ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸಬೇಕೆಂದು ಅಧಿಕಾರಿಗಳು ಯೋಚಿಸುತ್ತಿದ್ದ ಕಾಲವದು. ಆದರೆ ಹೊಸ ಕ್ರಮದಿಂದ ಆ ಸಂಖ್ಯೆ ತಗ್ಗುವ ಬದಲು ಹೆಚ್ಚಿತು. ೧೯೨೬ರಲ್ಲಿ ಹಾರ್ವರ್ಡ್ ಸೇರುವವರ ಸಂಖ್ಯೆಗೆ ಮಿತಿ ಹಾಕಿ, ಅಂಕದ ಜೊತೆಗೆ 'ಶೀಲ'ವನ್ನೂ ಅಳೆಯತೊಡಗಿತು. ಅಂಕಕ್ಕೆ ಲೆಕ್ಕವಿದೆ, ಶೀಲಕ್ಕೆ ಲೆಕ್ಕವಿಲ್ಲ. ಅದಕ್ಕೆ ಬೇಕಾದದ್ದು ಪರಿಚಿತರ ಸಾಕ್ಷ್ಯ. ಆ ಸಾಕ್ಷ್ಯವನ್ನು ಬರೆಯುವ ಅಧಿಕಾರ ಶಾಲೆಯದು. ಈ ಚರಿತ್ರೆಯನ್ನು ಜೆರೋಮ್ ಕ್ಯಾರಬೆಲ್ ೨೦೦೫ರ ತಮ್ಮ ಗ್ರಂಥದಲ್ಲಿ ದಾಖಲೆಗಳ ಆಧಾರದಿಂದ ನಿರೂಪಿಸಿದ್ದಾರೆ. ೧೯೬೫ರಲ್ಲಿ ಯೇಲಿನ ಪ್ರವೇಶಾಧಿಕಾರಿಯಾದ ಇನ್ಸ್ಲೀ ಕ್ಲಾರ್ಕ್ ವಸತಿಶಾಲೆಗಳೊಡನೆ ಇದ್ದ ಹಳೆಯ ಬಳಕೆಯನ್ನು ಸಡಿಲಿಸಿ ಸಾರ್ವಜನಿಕ ಶಾಲೆಗಳ ಕಡೆಗೆ ಮುಖಮಾಡಿದಾಗ, ಹಳೆಯ ವಿದ್ಯಾರ್ಥಿಗಳಿಂದ ಬಂದ ಪ್ರತಿಭಟನೆ ಸಾಮಾನ್ಯವಾದುದಲ್ಲ.

ಇನ್ನು ಇಂದಿನ ಸ್ಥಿತಿ. ನೂರು ಅರ್ಜಿಗಳಲ್ಲಿ ಐದನ್ನೂ ಸ್ವೀಕರಿಸದ ಕಾಲೇಜುಗಳು ಅಲ್ಲಿ ಹಲವಿವೆ. ಇವುಗಳ ಕಚೇರಿಯಲ್ಲಿ ಪ್ರಾಂತಕ್ಕೊಬ್ಬರಂತೆ ಅಧಿಕಾರಿಗಳಿರುತ್ತಾರೆ. ಒಂದೊಂದು ಪ್ರಾಂತದ ಶಾಲೆಗಳನ್ನು ತಿಳಿದುಕೊಂಡಿರುವುದು ಅವರ ಕೆಲಸ. ಅರ್ಜಿಯ ಜೊತೆಗೆ ಶಾಲೆಯು ತನ್ನ ಪರಿಚಯಪತ್ರವನ್ನು ಕಳುಹಿಸುತ್ತದೆ. ತನ್ನಲ್ಲಿ ಯಾವ ಪಾಠಗಳುಂಟು, ಅಂಕಗಳ ಹಂಚಿಕೆ ಹೇಗಿದೆ, ಹಿಂದಿನ ವರ್ಷಗಳ ವಿದ್ಯಾರ್ಥಿಗಳು ಎಲ್ಲಿಗೆ ಹೋದರು ಎಂಬ ವಿವರಗಳು ಅದರಲ್ಲಿರುತ್ತವೆ. ಓದುವವನು ವಿದ್ಯಾರ್ಥಿಯನ್ನು ದೇಶದ ಎಲ್ಲರೊಡನೆ ಹೋಲಿಸುವ ಮೊದಲು ಅವನ ಶಾಲೆಯ ಸಹಪಾಠಿಗಳೊಡನೆ ಹೋಲಿಸುತ್ತಾನೆ. ೧೯೫೫ರಿಂದ ಮಂಡಲಿಯ ಆಶ್ರಯದಲ್ಲಿ ನಡೆದುಬಂದಿರುವ ಉನ್ನತ ದರ್ಜೆಯ ಪಾಠಗಳು ಶಾಲೆಯಲ್ಲಿ ಇಪ್ಪತ್ತು ಇದ್ದು ವಿದ್ಯಾರ್ಥಿ ಎರಡನ್ನು ಮಾತ್ರ ಆರಿಸಿಕೊಂಡಿದ್ದರೆ ಅದು ಕೊರತೆ. ಶಾಲೆಯಲ್ಲಿ ಇರುವುದೇ ಎರಡಾಗಿ ಅವೆರಡನ್ನೂ ಓದಿದ್ದರೆ ಅದು ಕೊರತೆಯಲ್ಲ. ನ್ಯಾಯವಾದ ಕ್ರಮವೆಂದೇ ಇದನ್ನು ಹೇಳಬೇಕು.

ಆದರೆ ಕ್ರಮ ನ್ಯಾಯವಾಗಿದ್ದರೂ ಅದು ನಡೆಯಲು ಬೇಕಾದ ಸಾಧನಗಳು ಎಲ್ಲ ಶಾಲೆಗಳಲ್ಲಿ ಸಮನಾಗಿಲ್ಲ. ವಿದ್ಯಾರ್ಥಿಯ ಪರವಾಗಿ ಪತ್ರ ಬರೆಯುವವನು ಶಾಲೆಯ ಮಾರ್ಗದರ್ಶಕ. ಒಬ್ಬ ಮಾರ್ಗದರ್ಶಕನಿಗೆ ೨೫೦ ವಿದ್ಯಾರ್ಥಿಗಳಿಗಿಂತ ಹೆಚ್ಚಿರಬಾರದೆಂದು ಅವರ ವೃತ್ತಿಸಂಘದ ಮತ. ದೇಶದ ಸರಾಸರಿ ೩೫೦ನ್ನೂ ಮೀರಿದೆ. ಶುಲ್ಕ ಹೆಚ್ಚಿರುವ ಖಾಸಗಿ ಶಾಲೆಗಳಲ್ಲಿ ಕಾಲೇಜು ಪ್ರವೇಶಕ್ಕೆಂದೇ ಬೇರೆ ಮಾರ್ಗದರ್ಶಕರಿದ್ದು, ಪ್ರತಿಯೊಬ್ಬ ಹುಡುಗನನ್ನೂ ಹೆಸರು ಹಿಡಿದು ಬಲ್ಲರು. ಒಂದು ಕಡೆಯ ಪತ್ರದಲ್ಲಿ ವ್ಯಕ್ತಿಯೊಬ್ಬ ಎದ್ದು ನಿಲ್ಲುತ್ತಾನೆ. ಇನ್ನೊಂದು ಕಡೆಯ ಪತ್ರದಲ್ಲಿ ನಾಲ್ಕು ಸಾಮಾನ್ಯ ವಿಶೇಷಣಗಳಿರುತ್ತವೆ. ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ೨೦೨೩ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಭೇದವನ್ನು ಸ್ಪಷ್ಟಪಡಿಸಿತು. ಅತಿ ಶ್ರೇಷ್ಠವೆನಿಸಿದ ಹನ್ನೆರಡು ಖಾಸಗಿ ಕಾಲೇಜುಗಳನ್ನು ಅವರು ಪರಿಶೀಲಿಸಿದರು. ಪ್ರವೇಶಪರೀಕ್ಷೆಯ ಅಂಕಗಳು ಒಂದೇ ಇದ್ದಾಗಲೂ, ದೇಶದ ಅತಿ ಶ್ರೀಮಂತ ನೂರನೆಯ ಒಂದು ಭಾಗದ ಮಕ್ಕಳು ಮಧ್ಯಮವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಮೀರಿ ಈ ಕಾಲೇಜುಗಳನ್ನು ಸೇರುತ್ತಿದ್ದರು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ಆದ್ಯತೆ ಮತ್ತು ಕ್ರೀಡಾಪಟುಗಳ ಆಯ್ಕೆಗಳ ಜೊತೆಗೆ, ಓದಿಗೆ ಹೊರತಾದ ಗುಣಗಳಿಗೆ ಕೊಡುವ ಶ್ರೇಣಿಯೂ ಇದಕ್ಕೆ ಒಂದು ಕಾರಣ. ಆ ಶ್ರೇಣಿಯ ಹೆಚ್ಚಳಕ್ಕೂ ಖಾಸಗಿ ಶಾಲೆಯ ಓದಿಗೂ ನೇರವಾದ ಸಂಬಂಧ ಕಂಡುಬಂತು. ಪೇಢಿಯ ಹೆಸರು ಹುಂಡಿಯ ಬೆಲೆಯನ್ನು ಏರಿಸುವ ಬಗೆ ಇದು.

ಶಾಲೆಯ ಪ್ರಭಾವ ಅರ್ಜಿ ಬರೆಯುವುದಕ್ಕೂ ಮೊದಲೇ ಆರಂಭವಾಗುತ್ತದೆ. ಕ್ಯಾರೊಲೈನ್ ಹಾಕ್ಸ್‌ಬಿ ಮತ್ತು ಕ್ರಿಸ್ಟೋಫರ್ ಏವರಿ ಅವರು ೨೦೧೩ರಲ್ಲಿ ತೋರಿಸಿಕೊಟ್ಟಂತೆ, ಬಡ ಕುಟುಂಬಗಳ ಅತ್ಯುತ್ತಮ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಆಯ್ದು ತೆಗೆದುಕೊಳ್ಳುವ ಕಾಲೇಜುಗಳಿಗೆ ಅರ್ಜಿಯನ್ನೇ ಹಾಕುವುದಿಲ್ಲ. ಸೇರಿದರೆ ಅವರಿಗೆ ಸಿಗುವ ಧನಸಹಾಯದಿಂದ ಅಲ್ಲಿಯ ಓದು ಹತ್ತಿರದ ಸಾಮಾನ್ಯ ಕಾಲೇಜಿಗಿಂತ ಅಗ್ಗವಾಗುವುದೂ ಉಂಟು. ಆದರೆ ಆ ಸಂಗತಿಯನ್ನು ಹೇಳುವವರು ಅವರ ಶಾಲೆಯಲ್ಲಿಲ್ಲ. ಆ ದಾರಿಯಲ್ಲಿ ಹಿಂದೆ ಹೋದ ಹಿರಿಯ ವಿದ್ಯಾರ್ಥಿಯೂ ಇಲ್ಲ. ಸಣ್ಣ ಊರುಗಳಲ್ಲಿ ಒಬ್ಬೊಬ್ಬರಾಗಿ ಚದುರಿರುವ ಇಂಥವರ ಬಳಿಗೆ ಕಾಲೇಜಿನ ಅಧಿಕಾರಿಗಳೂ ಹೋಗುವುದಿಲ್ಲ. ಬಾಗಿಲು ಮುಚ್ಚಿದೆಯೆಂದು ತಿಳಿಯುವುದಕ್ಕೂ ಬಾಗಿಲ ತನಕ ಹೋಗಬೇಕಷ್ಟೆ.

ಇಲ್ಲಿಯವರೆಗಿನ ಮಾತಿನಿಂದ ಒಳ್ಳೆಯ ಶಾಲೆ ಸದಾ ಲಾಭದಾಯಕವೆಂದು ತೋರಬಹುದು. ಇದಕ್ಕೆ ಇನ್ನೊಂದು ಮುಖವಿದೆ. ಬಾವಿಯೊಳಗಿನ ಕಪ್ಪೆಯನ್ನು ಕನ್ನಡಿಗರು ಅಜ್ಞಾನಕ್ಕೆ ಉಪಮೆಯಾಗಿ ಬಳಸುತ್ತ ಬಂದಿದ್ದಾರೆ. ಅಮೆರಿಕೆಯ ಸಮಾಜಶಾಸ್ತ್ರಜ್ಞ ಜೇಮ್ಸ್ ಡೇವಿಸ್ ೧೯೬೬ರಲ್ಲಿ ಕಪ್ಪೆಯ ಕೊಳದ ಉಪಮೆಯನ್ನು ಬೇರೊಂದು ಅರ್ಥದಲ್ಲಿ ಬಳಸಿದರು. ದೊಡ್ಡ ಕೊಳದ ಸಣ್ಣ ಕಪ್ಪೆಗಿಂತ ಸಣ್ಣ ಕೊಳದ ದೊಡ್ಡ ಕಪ್ಪೆಗೆ ತನ್ನ ವಿಷಯದಲ್ಲಿ ಹೆಚ್ಚಿನ ಭರವಸೆಯಿರುತ್ತದೆ ಎಂಬುದು ಕಾಲೇಜು ವಿದ್ಯಾರ್ಥಿಗಳನ್ನು ಕುರಿತ ಅವರ ವಿಚಾರ. ಈ ವಿಚಾರವನ್ನು ಥಾಮಸ್ ಎಸ್ಪೆನ್‌ಶೇಡ್ ಮತ್ತು ಸಹೋದ್ಯೋಗಿಗಳು ೨೦೦೫ರಲ್ಲಿ ಹೈಸ್ಕೂಲಿಗೆ ಅನ್ವಯಿಸಿ, ಬಹು ಕಟ್ಟುನಿಟ್ಟಿನ ಆಯ್ಕೆಯ ಮೂರು ಖಾಸಗಿ ವಿಶ್ವವಿದ್ಯಾನಿಲಯಗಳಿಗೆ ಬಂದ ಅರ್ಜಿಗಳನ್ನು ಪರಿಶೀಲಿಸಿದರು. ವಿದ್ಯಾರ್ಥಿಯ ಸ್ವಂತ ಸಾಧನೆ ಸಮವಾಗಿದ್ದ ಪಕ್ಷದಲ್ಲಿ, ಪ್ರತಿಭಾವಂತರು ಹೆಚ್ಚಾಗಿ ತುಂಬಿದ ಶಾಲೆಯಿಂದ ಬಂದವನಿಗೆ ಪ್ರವೇಶದ ಸಾಧ್ಯತೆ ಕಡಮೆಯಾಗಿತ್ತು.

ಇದರ ಕಾರಣ ಸರಳವಾಗಿದೆ. ಒಂದು ಶಾಲೆಯಿಂದಲೇ ಐವತ್ತು ಜನರನ್ನು ತೆಗೆದುಕೊಳ್ಳಲು ಯಾವ ಕಾಲೇಜೂ ಇಚ್ಛಿಸುವುದಿಲ್ಲ. ಅಲ್ಲದೆ ಐವತ್ತು ಉತ್ತಮ ಅಂಕಪಟ್ಟಿಗಳು ಒಟ್ಟಿಗೆ ಬಂದಾಗ ಮೂವತ್ತನೆಯದು ಕಣ್ಣಿಗೆ ಬೀಳುವುದಿಲ್ಲ. ಅದೇ ವಿದ್ಯಾರ್ಥಿ ಸಾಮಾನ್ಯ ಶಾಲೆಯಲ್ಲಿದ್ದರೆ ಮೊದಲನೆಯವನಾಗಿ ನಿಲ್ಲುತ್ತಿದ್ದನು. ಹೀಗೆ ಒಂದೇ ಶಾಲೆ ಏಕಕಾಲದಲ್ಲಿ ಎರಡು ವಿರುದ್ಧ ದಿಕ್ಕುಗಳಲ್ಲಿ ಕೆಲಸ ಮಾಡುತ್ತದೆ. ಪೇಢಿಯಾಗಿ ಅದು ವಿದ್ಯಾರ್ಥಿಯ ಮಾತಿಗೆ ಬೆಲೆ ತರುತ್ತದೆ. ಕೊಳವಾಗಿ ಅವನನ್ನು ಗುಂಪಿನಲ್ಲಿ ಅಡಗಿಸುತ್ತದೆ. ಮೇಲಿನ ಸಾಲಿನಲ್ಲಿ ನಿಲ್ಲುವವನಿಗೆ ಪ್ರಖ್ಯಾತ ಶಾಲೆಯಿಂದ ಇಮ್ಮಡಿ ಲಾಭ, ಮಧ್ಯದಲ್ಲಿ ಉಳಿಯುವವನಿಗೆ ಅದರ ಹೆಸರೇ ಭಾರ.

ಈ ಎರಡು ಬಗೆಯ ಪ್ರಭಾವಗಳನ್ನು ಕಾನೂನಿನಿಂದ ಸರಿದೂಗಿಸಲು ನಡೆದ ದೊಡ್ಡ ಪ್ರಯತ್ನ ಟೆಕ್ಸಾಸ್ ಸಂಸ್ಥಾನದ್ದು. ೧೯೯೬ರಲ್ಲಿ ಹಾಪ್‌ವುಡ್ ಮೊಕದ್ದಮೆಯಲ್ಲಿ ಐದನೆಯ ಮಂಡಲದ ಮೇಲ್ಮನವಿ ನ್ಯಾಯಾಲಯವು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಕೂಡದೆಂದು ತೀರ್ಪಿತ್ತಿತು. ಆ ಕಾಲದಲ್ಲಿ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸ್ಥಾನಗಳಲ್ಲಿ ದೊಡ್ಡ ಪಾಲು ಕೆಲವೇ ಹತ್ತು ಶಾಲೆಗಳಿಗೆ ಹೋಗುತ್ತಿತ್ತು. ಶಾಸನಸಭೆಯ ಸದಸ್ಯೆ ಇರ್ಮಾ ರಾಂಗೆಲ್ ಅವರು ಮಂಡಿಸಿದ ಮಸೂದೆ ೧೯೯೭ರಲ್ಲಿ ಕಾನೂನಾಯಿತು. ಅಂದಿನ ಗವರ್ನರ್ ಜಾರ್ಜ್ ಡಬ್ಲ್ಯು. ಬುಷ್ ಅದಕ್ಕೆ ಸಹಿ ಹಾಕಿದರು. ಸಂಸ್ಥಾನದ ಯಾವುದೇ ಹೈಸ್ಕೂಲಿನಲ್ಲಿ ಶೇಕಡ ೧೦ರೊಳಗಿನ ಸ್ಥಾನ ಪಡೆದವನಿಗೆ ಸಂಸ್ಥಾನದ ಯಾವುದೇ ಸಾರ್ವಜನಿಕ ವಿಶ್ವವಿದ್ಯಾನಿಲಯದಲ್ಲಿ ಪ್ರವೇಶ ಖಚಿತವೆಂಬುದು ಅದರ ಸಾರ. ಎಲ್ಲ ಪೇಢಿಗಳ ಹುಂಡಿಯೂ ಒಂದೇ ಬೆಲೆಗೆ ನಡೆಯತಕ್ಕದ್ದೆಂದು ರಾಜಾಜ್ಞೆ ಹೊರಟಂತಾಯಿತು.

ಪರಿಣಾಮಗಳು ಹಲವು ತೆರನಾದವು. ಹಿಂದೆಂದೂ ವಿದ್ಯಾರ್ಥಿಗಳನ್ನು ಕಳುಹಿಸದಿದ್ದ ಹಳ್ಳಿಗಾಡಿನ ಮತ್ತು ನಗರದ ಬಡ ಬಡಾವಣೆಗಳ ಶಾಲೆಗಳಿಂದ ಆಸ್ಟಿನ್ನಿಗೆ ವಿದ್ಯಾರ್ಥಿಗಳು ಬರತೊಡಗಿದರು. ಹಕ್ಕು ದೊರೆತ ಮಾತ್ರಕ್ಕೆ ಹಣ ದೊರೆಯುವುದಿಲ್ಲವಾದುದರಿಂದ, ವಿಶ್ವವಿದ್ಯಾನಿಲಯವು ೧೯೯೯ರಲ್ಲಿ ಇಂಥ ಆಯ್ದ ಶಾಲೆಗಳಿಗಾಗಿ ಪ್ರತ್ಯೇಕ ವಿದ್ಯಾರ್ಥಿವೇತನವನ್ನು ಏರ್ಪಡಿಸಿತು. ಕೆಲವು ಕುಟುಂಬಗಳು ಇನ್ನೊಂದು ಲೆಕ್ಕ ಹಾಕಿದವು. ಮಕ್ಕಳನ್ನು ಪೈಪೋಟಿ ಹೆಚ್ಚಿದ ಶಾಲೆಯ ಬದಲು ಮೇಲಿನ ಸ್ಥಾನ ಸುಲಭವಾಗಿ ಸಿಗುವ ಶಾಲೆಗೆ ಸೇರಿಸಿದವು. ಇಂಥವರ ಸಂಖ್ಯೆ ದೊಡ್ಡದಲ್ಲದಿದ್ದರೂ ಲೆಕ್ಕಕ್ಕೆ ಸಿಗುವಷ್ಟಿತ್ತೆಂದು ೨೦೧೩ರ ಅಧ್ಯಯನವೊಂದು ತೋರಿಸಿತು. ೨೦೦೮ರ ವೇಳೆಗೆ ಆಸ್ಟಿನ್ನಿನ ಹೊಸ ಟೆಕ್ಸಾಸ್ ವಿದ್ಯಾರ್ಥಿಗಳಲ್ಲಿ ಶೇಕಡ ೮೦ಕ್ಕೂ ಹೆಚ್ಚು ಜನ ಈ ನಿಯಮದಿಂದಲೇ ಬಂದವರಾಗಿದ್ದರು. ಸಂಗೀತ, ಸಾಹಿತ್ಯ, ನಾಯಕತ್ವ ಮುಂತಾದ ಬೇರೆ ಗುಣಗಳಿಗೆ ಎಡೆಯೇ ಉಳಿಯಲಿಲ್ಲವೆಂಬ ದೂರು ಬಂತು. ೨೦೦೯ರಲ್ಲಿ ಕಾನೂನನ್ನು ತಿದ್ದಿ ಈ ಪಾಲಿಗೆ ಶೇಕಡ ೭೫ರ ಮಿತಿ ಹಾಕಲಾಯಿತು. ಅರ್ಜಿಗಳು ಹೆಚ್ಚಿದಂತೆಲ್ಲ ಆಸ್ಟಿನ್ನಿಗೆ ಬೇಕಾದ ಸ್ಥಾನ ಶೇಕಡ ೧೦ರಿಂದ ಕ್ರಮೇಣ ೬ಕ್ಕಿಳಿದು, ೨೦೨೬ರ ಪ್ರವೇಶಕ್ಕೆ ಶೇಕಡ ೫ ಆಯಿತು.

ಹೀಗೆ ಬಂದವರು ಉನ್ನತ ಶಿಕ್ಷಣದ ಭಾರವನ್ನು ತಾಳಿಕೊಂಡರೆ? ಪ್ರತಿಪಕ್ಷದವರ ಮುಖ್ಯ ಸಂದೇಹ ಇದೇ ಆಗಿತ್ತು. ಸಾಂಡ್ರಾ ಬ್ಲ್ಯಾಕ್, ಜೆಫ್ರಿ ಡೆನಿಂಗ್, ಜೆಸ್ಸಿ ರಾಥ್‌ಸ್ಟೈನ್ ಅವರ ಸಂಶೋಧನೆ ಇದಕ್ಕೆ ಉತ್ತರ ಕೊಟ್ಟಿದೆ. ನಿಯಮದಿಂದ ಒಳಬಂದ ದುರ್ಬಲ ಶಾಲೆಗಳ ವಿದ್ಯಾರ್ಥಿಗಳಲ್ಲಿ ಪದವಿ ಮುಗಿಸುವವರು ಹೆಚ್ಚಿದರು, ಸಂಪಾದನೆ ಹೆಚ್ಚಿದ ಕುರುಹುಗಳೂ ಕಂಡವು. ಸ್ಥಾನ ತಪ್ಪಿದ ಪ್ರಬಲ ಶಾಲೆಗಳ ವಿದ್ಯಾರ್ಥಿಗಳು ಬೇರೆ ಕಾಲೇಜುಗಳನ್ನು ಸೇರಿ ಹೆಚ್ಚೇನೂ ನಷ್ಟಕ್ಕೊಳಗಾಗಲಿಲ್ಲ. ವಟ್ಟ ಹಿಡಿಯುತ್ತಿದ್ದ ಹುಂಡಿಗಳಲ್ಲಿ ಅನೇಕವು ವಾಸ್ತವವಾಗಿ ಪೂರ್ಣ ಬೆಲೆಯವಾಗಿದ್ದವೆಂದು ಇದರಿಂದ ತಿಳಿಯುತ್ತದೆ.

ಖಾಸಗಿ ಕಾಲೇಜುಗಳಿಗೆ ಇಂಥ ಕಾನೂನಿನ ಬಂಧನವಿಲ್ಲ. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಅವುಗಳಲ್ಲಿ ಬಹುಪಾಲು ಎಸ್.ಎ.ಟಿ.ಯಂಥ ಪರೀಕ್ಷೆಗಳನ್ನು ಐಚ್ಛಿಕವಾಗಿಸಿದವು. ಬಡ ವಿದ್ಯಾರ್ಥಿಗಳಿಗೆ ಇದರಿಂದ ಅನುಕೂಲವಾಗುವುದೆಂದು ಹಲವರು ಎಣಿಸಿದ್ದರು. ಆದರೆ ೨೦೨೪ರಲ್ಲಿ ಡಾರ್ಟ್‌ಮತ್ ಕಾಲೇಜು ಪರೀಕ್ಷೆಯನ್ನು ಮರಳಿ ಕಡ್ಡಾಯಮಾಡುವಾಗ ಬೇರೊಂದು ಸಂಗತಿಯನ್ನು ಮುಂದಿಟ್ಟಿತು: ಅಪರಿಚಿತ ಶಾಲೆಗಳ ವಿದ್ಯಾರ್ಥಿಗಳು, ತಮ್ಮ ಶಾಲೆಯ ಹಿನ್ನೆಲೆಯಲ್ಲಿ ಅಸಾಧಾರಣವೆನಿಸಬಹುದಾದ ಅಂಕಗಳನ್ನು ಸಾಲದೆಂದು ಭಾವಿಸಿ ಮರೆಮಾಡಿದ್ದರು. ಹೊರಗಿನ ಪರೀಕ್ಷೆಯಿಲ್ಲದೆ ಹೋದಾಗ ಉಳಿಯುವುದು ಶಾಲೆಯ ಮಾತೊಂದೇ. ಅದು ಹೆಸರಿರುವ ಶಾಲೆಗೇ ಅನುಕೂಲ. ಅದೇ ವರ್ಷ ಯೇಲ್, ಬ್ರೌನ್, ಹಾರ್ವರ್ಡ್‌ಗಳೂ ಪರೀಕ್ಷೆಯ ಕಡೆಗೆ ತಿರುಗಿದವು.

ಕಾಲೇಜಿನ ಬಾಗಿಲಲ್ಲಿ ಶಾಲೆಗೆ ಇಷ್ಟು ತೂಕವಿರುವುದರಿಂದ ಜಗಳ ಒಂದು ಮೆಟ್ಟಿಲು ಕೆಳಕ್ಕೂ ಇಳಿದಿದೆ. ವರ್ಜೀನಿಯಾ ಸಂಸ್ಥಾನದಲ್ಲಿ ಥಾಮಸ್ ಜೆಫರ್ಸನ್ ವಿಜ್ಞಾನ ಹೈಸ್ಕೂಲು ಎಂಬ ಪ್ರಖ್ಯಾತ ಸಾರ್ವಜನಿಕ ಶಾಲೆಯಿದೆ. ೨೦೨೦ರಲ್ಲಿ ಆಡಳಿತಮಂಡಲಿಯು ಅದರ ಪ್ರವೇಶಪರೀಕ್ಷೆಯನ್ನು ರದ್ದುಪಡಿಸಿ, ಪ್ರತಿಯೊಂದು ಮಾಧ್ಯಮಿಕ ಶಾಲೆಯ ಎಂಟನೆಯ ತರಗತಿಯ ಶೇಕಡ ೧.೫ರಷ್ಟು ವಿದ್ಯಾರ್ಥಿಗಳಿಗೆ ಸ್ಥಾನಗಳನ್ನು ಮೀಸಲಿಟ್ಟಿತು. ಟೆಕ್ಸಾಸಿನ ತತ್ತ್ವವೇ ಇಲ್ಲಿ ಹದಿಮೂರು ವರ್ಷದ ಮಕ್ಕಳಿಗೆ ಅನ್ವಯಿಸಿತು. ಏಷ್ಯಾ ಮೂಲದ ವಿದ್ಯಾರ್ಥಿಗಳ ಪಾಲು ಮೊದಲ ವರ್ಷವೇ ಸುಮಾರು ಶೇಕಡ ೭೩ರಿಂದ ೫೪ಕ್ಕೆ ಇಳಿಯಿತು. ಭಾರತದಿಂದ ಹೋಗಿ ನೆಲೆಸಿದ ಕುಟುಂಬಗಳ ಮಕ್ಕಳೂ ಇವರಲ್ಲಿ ಸೇರಿದ್ದಾರೆ. ಪಾಲಕರು ನ್ಯಾಯಾಲಯಕ್ಕೆ ಹೋದರು. ೨೦೨೩ರಲ್ಲಿ ಮೇಲ್ಮನವಿ ನ್ಯಾಯಾಲಯ ಹೊಸ ಕ್ರಮವನ್ನು ಎತ್ತಿಹಿಡಿಯಿತು. ೨೦೨೪ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ವಿಚಾರಣೆಗೆ ನಿರಾಕರಿಸಿತು. ದೊಡ್ಡ ಕೊಳದ ಬಳಿ ಮನೆಮಾಡಿಕೊಳ್ಳಲು ಶ್ರಮಿಸಿದ ವಲಸೆಗಾರನಿಗೆ ಇದು ಅನ್ಯಾಯವಾಗಿ ಕಂಡದ್ದು ಸಹಜ. ಆ ಕೊಳವನ್ನೇ ಕಾಣದ ಬಡಾವಣೆಯ ಮಗುವಿಗೆ ಇದು ನ್ಯಾಯವಾಗಿ ಕಂಡದ್ದೂ ಅಷ್ಟೇ ಸಹಜ.

ಭಾರತದಲ್ಲಿ ಅಂಕಪಟ್ಟಿಯನ್ನು ಓದುವಾಗ ಶಾಲೆಯ ಹೆಸರನ್ನು ಯಾರೂ ನೋಡುವುದಿಲ್ಲವೆಂದು ಹೇಳುವುದುಂಟು. ಅದೇನೋ ನಿಜ, ಆದರೆ ಇಲ್ಲಿ ಪೇಢಿಯ ಸ್ಥಾನದಲ್ಲಿ ಪರೀಕ್ಷಾ ಮಂಡಲಿಯಿದೆ. ೨೦೦೯ರಲ್ಲಿ ಮಹಾರಾಷ್ಟ್ರ ಸರಕಾರವು ಹನ್ನೊಂದನೆಯ ತರಗತಿಯ ಶೇಕಡ ೯೦ರಷ್ಟು ಸ್ಥಾನಗಳನ್ನು ಸಂಸ್ಥಾನದ ಎಸ್.ಎಸ್.ಸಿ. ಮಂಡಲಿಯ ವಿದ್ಯಾರ್ಥಿಗಳಿಗೆ ಮೀಸಲಿಡಹೊರಟಾಗ ಮುಂಬಯಿ ಉಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿದ್ದು ಈ ಕಾರಣದ ಕಲಹದಲ್ಲಿಯೇ. ದಿಲ್ಲಿ ವಿಶ್ವವಿದ್ಯಾನಿಲಯದ ಕೆಲವು ಕಾಲೇಜುಗಳಲ್ಲಿ ೨೦೨೧ರಲ್ಲಿ ಪ್ರವೇಶದ ಕನಿಷ್ಠ ಅಂಕ ನೂರಕ್ಕೆ ನೂರು ಮುಟ್ಟಿತು. ೨೦೨೨ರಿಂದ ಸಾಮಾನ್ಯ ಪ್ರವೇಶಪರೀಕ್ಷೆ ಬಂತು. ಇನ್ನೊಂದು ಕಡೆ, ಶಾಲೆಯನ್ನು ಬಹಿರಂಗವಾಗಿಯೇ ಲೆಕ್ಕಕ್ಕೆ ತೆಗೆದುಕೊಂಡ ಕ್ರಮಗಳೂ ಇವೆ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇಕಡ ೧೫, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ ೫ ಸ್ಥಾನಗಳುಂಟು. ತಮಿಳುನಾಡು ೨೦೨೦ರಲ್ಲಿ ವೈದ್ಯಕೀಯ ಪ್ರವೇಶದ ಶೇಕಡ ೭.೫ರಷ್ಟು ಸ್ಥಾನಗಳನ್ನು ಸರಕಾರಿ ಶಾಲೆಗಳ ವಿದ್ಯಾರ್ಥಿಗಳಿಗೆ ತೆಗೆದಿರಿಸಿತು.

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು ಎಸ್.ಎಸ್.ಸಿ. ಮುಗಿಸಿದ ತಲೆಮಾರೊಂದು ಮುಂಬಯಿ ಕನ್ನಡಿಗರ ಇತಿಹಾಸದಲ್ಲಿದೆ. ಅಲ್ಲಿ ಬಂದ ಶೇಕಡ ೫೫ ಅಂಕಕ್ಕೂ, ಹಗಲೆಲ್ಲ ಓದಲು ಬಿಡುವಿದ್ದ ಹುಡುಗನ ಶೇಕಡ ೫೫ ಅಂಕಕ್ಕೂ ಮಂಡಲಿಯ ಕಾಗದದಲ್ಲಿ ವ್ಯತ್ಯಾಸವಿಲ್ಲ. ಈ ಕುರುಡುತನದಲ್ಲಿ ಒಂದು ನಿಷ್ಪಕ್ಷಪಾತವಿದೆ: ಯಾರ ಶಿಫಾರಸೂ ಇಲ್ಲದ ಹುಡುಗನನ್ನು ಅದು ತಡೆಯಲ್ಲಿಲ್ಲ. ಒಂದು ಅನ್ಯಾಯವೂ ಇದೆ: ಅವನು ನಡೆದು ಬಂದ ದೂರವನ್ನು ಅದು ಎಣಿಸಲಿಲ್ಲ. ಅಮೆರಿಕೆಯ ಪದ್ಧತಿ ಆ ದೂರವನ್ನು ಎಣಿಸಲು ಹೊರಟು ಶಿಫಾರಸಿಗೆ ಬಾಗಿಲು ತೆರೆಯಿತು. ಭಾರತದ ಪದ್ಧತಿ ಶಿಫಾರಸನ್ನು ಹೊರಗಿಟ್ಟು ದೂರವನ್ನೂ ಹೊರಗಿಟ್ಟಿತು.

ಇಷ್ಟನ್ನು ನೋಡಿದ ಮೇಲೆ ಎರಡು ತೀರ್ಮಾನಗಳಿಗೆ ಬರಬಹುದು. ಮೊದಲನೆಯದು ಗೃಹಸ್ಥನಿಗೆ ಸಂಬಂಧಿಸಿದ್ದು. ಶಾಲೆಯನ್ನು ಆರಿಸುವಾಗ ಅದರ ಹೆಸರಿಗಿಂತ ಮುಂಚೆ ಕೇಳಬೇಕಾದ ಪ್ರಶ್ನೆಗಳು ಮೂರು: ಅಲ್ಲಿ ಯಾವ ಪಾಠಗಳು ದೊರೆಯುತ್ತವೆ, ಮಗುವನ್ನು ಹೆಸರು ಹಿಡಿದು ಬಲ್ಲ ಉಪಾಧ್ಯಾಯರು ಇದ್ದಾರೆಯೆ, ಆ ಗುಂಪಿನಲ್ಲಿ ಮಗು ಕುಗ್ಗದೆ ನಿಲ್ಲಬಲ್ಲುದೆ. ಎರಡನೆಯದು ಸಮಾಜಕ್ಕೆ ಸಂಬಂಧಿಸಿದ್ದು. ಅಂಕದಿಂದ ಶಾಲೆಯನ್ನು ಸಂಪೂರ್ಣವಾಗಿ ಬೇರ್ಪಡಿಸುವುದು ಸಾಧ್ಯವಿಲ್ಲ. ಬೇರ್ಪಡಿಸಿದೆವೆಂದು ಹೇಳುವ ಕಡೆಗಳಲ್ಲಿಯೂ ಅದು ಮರೆಯಲ್ಲಿ ನಿಂತು ಕೆಲಸ ಮಾಡುತ್ತಿರುತ್ತದೆ. ಹೀಗಿರುವಾಗ ಅದರ ತೂಕವನ್ನು ಮುಚ್ಚುಮರೆಯಿಲ್ಲದೆ, ಎಲ್ಲರಿಗೂ ತಿಳಿಯುವ ನಿಯಮದಿಂದ ಎಣಿಸುವುದೇ ಲೇಸು. ಟೆಕ್ಸಾಸಿನ ಕಾನೂನಿನಲ್ಲಿ ಕೊರತೆಗಳು ಎಷ್ಟೇ ಇರಲಿ, ದೂರದ ಹಳ್ಳಿಯ ಶಾಲೆಯಲ್ಲಿ ಓದುವ ಹುಡುಗಿಗೆ ತಾನು ಏನು ಮಾಡಿದರೆ ಏನು ದೊರೆಯುವುದೆಂಬುದನ್ನು ಅದು ಮೊದಲೇ ತಿಳಿಸಿತು. ಹೆಸರಿಲ್ಲದ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಅಲ್ಲಿಯವರೆಗೆ ಇಲ್ಲದಿದ್ದುದು ಆ ತಿಳಿವಳಿಕೆಯೇ.